ಅಡಿಗೆ ಕಾಲು ಅಂಗುಲ

ಮನೆ ಮುಂದೆ ಜಲ್ಲಿ ಸುರಿಸಿಕೊಂಡವನಿಗೆ ಖಾಸಗಿ ಬದುಕು ಎಂಬುದಿಲ್ಲ. ಅಷ್ಟು ದಿನ ಗೇಟಿನಾಚೆಯಿಂದಲೇ ನಮಸ್ಕಾರ ಹೇಳಿ ಸಾಗುತ್ತಿದ್ದವರೆಲ್ಲ ರಾಶಿಯ ಅಂಚಿಗೆ ಬಂದು ನಿಲ್ಲುತ್ತಾರೆ. ನಾಲ್ಕು ಕಲ್ಲನ್ನು ಕಾಲಿನಿಂದಲೇ ಮಗುಚಿ ನೋಡುತ್ತಾರೆ. ಟ್ರಾಕ್ಟರಿನವನು ಎಷ್ಟು ತೆಗೆದುಕೊಂಡ ಎಂದು ವಿಚಾರಿಸಿ, ಎಷ್ಟು ಹೇಳಿದರೂ "ಜಾಸ್ತಿ ಆಯ್ತು" ಎಂದು ತೀರ್ಪು ಕೊಡುತ್ತಾರೆ. ಆಮೇಲೆ ವಿಷಯಕ್ಕೆ ಬರುತ್ತಾರೆ.

"ಮೇಲೊಂದು ಮನೆ ಎತ್ತಿಸ್ತಿದ್ದೀರಾ?"

"ಇಲ್ಲ, ಹಿತ್ತಲಿಗೆ ಒಂದಿಷ್ಟು ಕಲ್ಲು ಹಾಸೋಣ ಅಂತ."

"ಒಳ್ಳೇದು. ಯಾರಿಗೆ ಕೊಟ್ಟಿದ್ದೀರಿ?"

"ಯಾರಿಗೂ ಇಲ್ಲ. ನಾನೇ ಹಾಸ್ತೀನಿ."

ಇಲ್ಲಿಗೆ ಮಾತು ಕಡಿಯುತ್ತದೆ. ಅವರ ಮುಖದ ಮೇಲೆ ಒಂದು ಕಳವಳ ಹಾದುಹೋಗುತ್ತದೆ. ಪೆನ್ಷನ್ ಸರಿಯಾಗಿ ಬರುತ್ತಿಲ್ಲವೇ? ಮಗ ಕೈಬಿಟ್ಟನೇ? ಅಥವಾ ಡಾಕ್ಟರು ಏನಾದರೂ ಹೇಳಿದ್ದಾರೆಯೇ? ನಿವೃತ್ತ ಬ್ಯಾಂಕ್ ನೌಕರ ಮಾಡಬಹುದಾದ ಕೆಲಸಗಳಿಗೆ ನಮ್ಮ ಮೈಸೂರಿನಲ್ಲಿ ಒಂದು ಪಟ್ಟಿಯೇ ಇದೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಬಹುದು, ಗುಲಾಬಿ ಗಿಡಕ್ಕೆ ನೀರು ಹಾಕಬಹುದು, ಭಗವದ್ಗೀತೆಯ ಕ್ಲಾಸಿಗೆ ಹೋಗಬಹುದು. ಪಿಕಾಸಿ ಹಿಡಿಯುವುದು ಆ ಪಟ್ಟಿಯಲ್ಲಿಲ್ಲ. ಹಿಡಿದರೂ ಮನೆಯ ಹಿಂದೆ, ಕಾಂಪೌಂಡ್ ಗೋಡೆಯ ಮರೆಯಲ್ಲಿ ಹಿಡಿಯಬೇಕು. ನಾನು ಹಿಡಿದದ್ದು ಅಲ್ಲೇ. ಆದರೆ ಜಲ್ಲಿಯ ರಾಶಿ ರಸ್ತೆಯಲ್ಲಿ ಬಿದ್ದು ನನ್ನ ಮಾನವನ್ನು ಸಾರಿಬಿಟ್ಟಿತು.

ತೀರ್ಥಹಳ್ಳಿ ಕಡೆಯವರು ಮೈಸೂರಿನ ಮಳೆಯನ್ನು ಮಳೆ ಎಂದು ಒಪ್ಪುವುದಿಲ್ಲ. ನಾನೂ ಒಪ್ಪಿರಲಿಲ್ಲ. ಆದರೆ ಇಲ್ಲಿನ ಕೆಂಪುಮಣ್ಣು ಆ ಅಷ್ಟು ಮಳೆಯಲ್ಲೇ ಎಷ್ಟು ಅಂಟಬೇಕೋ ಅಷ್ಟು ಅಂಟುತ್ತದೆ. ಬಚ್ಚಲಿನ ಹಿಂಬಾಗಿಲಿನಿಂದ ಬಟ್ಟೆ ಒಣಹಾಕುವ ತಂತಿಯವರೆಗೆ, ನುಗ್ಗೆಮರದ ಪಕ್ಕದಲ್ಲಿ, ಹತ್ತಡಿ ಹನ್ನೆರಡಡಿಯ ಒಂದು ಜಾಗ ಪ್ರತಿ ಮುಂಗಾರಿಗೂ ಕಲಸಿ ನಿಲ್ಲುತ್ತಿತ್ತು. ಹವಾಯಿ ಚಪ್ಪಲಿ ಮೆಟ್ಟಿ ಆಚೆ ಹೋಗಿಬಂದರೆ ಪಂಚೆಯ ಹಿಂಬದಿಗೆ ಚುಕ್ಕೆ ಚುಕ್ಕೆ ಕೆಂಪು ಚಿತ್ತಾರ. ನನ್ನ ಹೆಂಡತಿ ಅದನ್ನು ಒಗೆಯುತ್ತ, "ಅಲ್ಲಿಗೆ ನಾಲ್ಕು ಕಲ್ಲು ಹಾಕ್ಸಿ ಅಂತ ಹೇಳ್ತಾನೇ ಇದ್ದೀನಿ" ಎನ್ನುತ್ತಿದ್ದಳು. ಹಾಕಿಸಿ ಎಂದದ್ದು ನನ್ನ ಕಿವಿಗೆ ಹಾಕಿ ಎಂದು ಕೇಳಿಸಿರಬೇಕು.

ಯೋಜನೆಯಲ್ಲಿ ನಾನು ಗಟ್ಟಿಗ. ಗ್ರಾಫ್ ಹಾಳೆ ತಂದೆ. ಪೆನ್ಸಿಲ್ ಚೂಪು ಮಾಡಿದೆ. 10 ಅಡಿ ಅಗಲ, 12 ಅಡಿ ಉದ್ದ ಎಂದರೆ 120 ಚದರಡಿ. ತಳಕ್ಕೆ 4 ಅಂಗುಲ ಜಲ್ಲಿ, ಅದರ ಮೇಲೆ 1 ಅಂಗುಲ ಮರಳು, ಮೇಲೆ 2 ಅಂಗುಲದ ಕಲ್ಲು. ಒಟ್ಟು 7 ಅಂಗುಲ ಅಗೆಯಬೇಕು. ಜಲ್ಲಿ 40 ಘನ ಅಡಿ, ಮರಳು 10 ಘನ ಅಡಿ, ಹೊರಗೆ ಬರುವ ಮಣ್ಣು 70 ಘನ ಅಡಿ. ಲೆಕ್ಕ ಎಷ್ಟು ಚೆಲುವಾಗಿ ಕೂತಿತೆಂದರೆ, ಹಾಳೆಯನ್ನು ಫ್ರಿಜ್ಜಿನ ಮೇಲೆ ಅಂಟಿಸಿ ಕೆಲವು ವಾರ ನೋಡುತ್ತಲೇ ಕಾಲ ಕಳೆದೆ. ಕಾಗದದ ಮೇಲಿನ ಹಿತ್ತಲಿನಲ್ಲಿ ಎರಡು ಬೆತ್ತದ ಕುರ್ಚಿಗಳನ್ನೂ ಬರೆದಿದ್ದೆ. ಕುರ್ಚಿಗಳ ನಡುವಿನ ಪುಟ್ಟ ವೃತ್ತ ಕಾಫಿ ಇಡುವ ಮೇಜು. ಮೊಬೈಲಿನಲ್ಲಿ ಅಮೆರಿಕದವರು ಕೈಗವಸು ತೊಟ್ಟು, ಗುಡುಗುಡು ಎನ್ನುವ ಮಷೀನಿನಿಂದ ನೆಲ ಅದುಮಿ, ಸಂಜೆಯೊಳಗೆ ಕಲ್ಲು ಹಾಸಿ ಮುಗಿಸುವುದನ್ನು ನೋಡುತ್ತಿದ್ದೆ. ಆ ವಿಡಿಯೋಗಳಲ್ಲಿ ಒಬ್ಬ ದಾರಿಹೋಕನೂ ಬಂದು "ಹಂಗಲ್ಲ ಅದು" ಎನ್ನುವುದಿಲ್ಲ. ಹಾಗಾಗಿಯೇ ಬೇಗ ಮುಗಿಯುತ್ತದೆ.

ಗ್ರಾಫ್ ಹಾಳೆ ಹೇಳದ ಸಂಗತಿ ಮಣ್ಣಿನದು. ನೆಲದಲ್ಲಿ 70 ಘನ ಅಡಿ ಇದ್ದ ಮಣ್ಣು ಅಗೆದು ಮೇಲೆ ಹಾಕಿದ ಕೂಡಲೇ ಉಸಿರೆಳೆದುಕೊಂಡು ಉಬ್ಬುತ್ತದೆ. ಯಾವ ಗುಂಡಿಯ ಮಣ್ಣೂ ಅದೇ ಗುಂಡಿಗೆ ಹಿಡಿಸುವುದಿಲ್ಲ ಎಂಬುದು ಹೊಲದಲ್ಲಿ ಗೇಯುವವರಿಗೆಲ್ಲ ಗೊತ್ತಿರುವ ಮಾತು. ನನ್ನ ರಾಶಿ ಮೊದಲು ಕರಿಬೇವಿನ ಗಿಡವನ್ನು ಮುಚ್ಚಿತು, ಆಮೇಲೆ ಕಾಂಪೌಂಡಿನ ಎತ್ತರಕ್ಕೆ ಬಂತು, ಕೊನೆಗೆ ಪಕ್ಕದ ಮನೆಯವರು ತೆಂಗಿನ ಗಿಡದ ಬುಡಕ್ಕೆಂದು ಒಂದಿಷ್ಟು ಒಯ್ದು ನನ್ನನ್ನು ಉದ್ಧಾರ ಮಾಡಿದರು.

ಕಲ್ಲು ಯಾವುದು ಎಂಬ ಪ್ರಶ್ನೆಗೆ ಮೊದಲು ನೆನಪಾದದ್ದು ಶಹಾಬಾದಿನ ಕಲ್ಲು. ಕೆಲಸದಲ್ಲಿದ್ದಾಗ ಕಲಬುರ್ಗಿಗೆ ವರ್ಗವಾಗಿ, ಬಾಡಿಗೆ ಮನೆಯೊಂದರಲ್ಲಿದ್ದೆವು. ನೆಲಕ್ಕೆಲ್ಲ ಬೂದುನೀಲಿ ಶಹಾಬಾದ್ ಹಾಸು. ಏಪ್ರಿಲ್ ತಿಂಗಳ ರಾತ್ರಿ ಫ್ಯಾನು ಬಿಸಿಗಾಳಿಯನ್ನೇ ತಿರುವಿ ತಿರುವಿ ಹಾಕುವಾಗ, ನೆಲಕ್ಕೆ ಒಂದು ಬಕೆಟ್ ನೀರು ಚೆಲ್ಲಿ, ಒರೆಸಿ, ಚಾಪೆಯ ಹಂಗೂ ಇಲ್ಲದೆ ಬರಿಮೈಯಲ್ಲಿ ಮಲಗಿಬಿಡುತ್ತಿದ್ದೆವು. ಅದು ಸುಣ್ಣದ ಕಲ್ಲು. ಊಹೆಗೆ ಸಿಗದಷ್ಟು ಹಿಂದೆ ಭೀಮಾ ಸೀಮೆಯ ಮೇಲೆ ಸಮುದ್ರವಿದ್ದಾಗ ತಳದಲ್ಲಿ ಪದರ ಪದರವಾಗಿ ಕೂತ ಕೆಸರು. ಆ ಪದರಗಳ ನಡುವೆ ಉಳಿ ಇಟ್ಟು ಏಟು ಹಾಕಿದರೆ ಹಲಗೆ ಹಲಗೆಯಾಗಿ ಎದ್ದು ಬರುತ್ತದೆ. ಕೆಸರಿನ ಕಾಟ ತಪ್ಪಿಸಲು ಕೆಸರನ್ನೇ ತಂದು ಹಾಸುವುದರಲ್ಲಿ ಒಂದು ನ್ಯಾಯವಿದೆ ಎನಿಸಿತು. ಆದರೆ ಮಳೆಗೆ ನೆನೆದರೆ ಅದು ಜಾರುತ್ತದೆ, ನಮ್ಮಿಬ್ಬರ ಮಂಡಿಗಳು ಜಾರುವ ವಯಸ್ಸು ದಾಟಿವೆ. ಹಾಗಾಗಿ ಒರಟು ಮೈಯ ಚಪ್ಪಡಿಯೇ ಸೈ ಎಂದಾಯಿತು.

ಹಳೇ ಮೈಸೂರಿನ ಚಪ್ಪಡಿಗೆ ಸಮುದ್ರದ ಕಥೆಯಿಲ್ಲ, ಅದಕ್ಕಿಂತ ಹಳೆಯದು ಅದು. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ಎನ್ನುತ್ತಾರೆ. ನಮ್ಮ ಸೀಮೆಯ ಬಹುಪಾಲು ನೆಲದಡಿ ಇರುವುದು ಅದೇ ಕುಲದ ಕಲ್ಲು. ಇಷ್ಟು ಹಳೆಯ, ಇಷ್ಟು ಹಟಮಾರಿ ಕಲ್ಲನ್ನು ಹಿಂದಿನವರು ಮದ್ದಿಟ್ಟು ಸಿಡಿಸದೆಯೂ ಹಲಗೆಯಾಗಿ ಎಬ್ಬಿಸುತ್ತಿದ್ದರು. ಬೆಂಗಳೂರಿನ ಸುತ್ತಿನ ಬಂಡೆಗಳಲ್ಲಿ ಸೌದೆ ಒಟ್ಟಿ ಉದ್ದಕ್ಕೆ ಸಾಲು ಬೆಂಕಿ ಹಾಕುವುದು. ಕಾದ ಮೇಲ್ಪದರ ಹಿಗ್ಗಿ, ಕೆಳಗಿನ ತಣ್ಣನೆಯ ಕಲ್ಲಿನ ಸಂಗ ಬಿಡುವುದು. ಒಬ್ಬ ಸುತ್ತಿಗೆಯಿಂದ ತಟ್ಟುತ್ತ ಕಿವಿಗೊಡುತ್ತಾನೆ. ದನಿ ಬದಲಾದರೆ ಪದರ ಬಿಟ್ಟಿತೆಂದು ಅರ್ಥ. ಆಗ ಬೆಂಕಿಯನ್ನು ಮುಂದಕ್ಕೆ ಸರಿಸುತ್ತಾರೆ. ಹಂಪಿಯಲ್ಲಿ ಬಂಡೆಗಳ ಮೈಮೇಲೆ ಸಾಲಾಗಿ ಕೊರೆದ ಚೌಕ ಗುಳಿಗಳನ್ನು ನೋಡಿದವರಿಗೆ ಇನ್ನೊಂದು ವಿದ್ಯೆ ಗೊತ್ತು: ಗುಳಿಯಲ್ಲಿ ಬೆಣೆ ಬಡಿದು ಬಂಡೆಯನ್ನು ನೇರ ಗೆರೆಯಲ್ಲಿ ಸೀಳುವುದು. ಅರ್ಧಕ್ಕೆ ಬಿಟ್ಟುಹೋದ ಗುಳಿಗಳೂ ಅಲ್ಲಿವೆ. ಅವನ್ನು ಕಂಡಾಗಲೆಲ್ಲ ನನಗೆ ಫ್ರಿಜ್ಜಿನ ಮೇಲಿನ ಗ್ರಾಫ್ ಹಾಳೆ ನೆನಪಾಗಿ ಸಮಾಧಾನವಾಗುತ್ತದೆ.

ಹಳೇ ಮನೆ ಕೆಡವಿದ ಬಾಗಿಲು ಕಿಟಕಿ ಮಾರುವ ಒಂದು ಅಂಗಡಿಯ ಹಿಂದೆ, ಗೋಡೆಗೊರಗಿಸಿದ ಚಪ್ಪಡಿಗಳು ಸಿಕ್ಕವು. ಯಾರದೋ ಬಚ್ಚಲಿನವು, ಯಾರದೋ ಜಗಲಿಯವು. ಒಂದರ ಮೇಲೆ ಬಟ್ಟೆ ಒಗೆದೂ ಒಗೆದೂ ನುಣುಪಾದ ತಗ್ಗು. ಅದನ್ನು ಹೆಂಡತಿ ಬೆರಳಾಡಿಸಿ ನೋಡಿ, "ಇದನ್ನ ಹೊರಗಡೆ ಅಂಚಿಗೆ ಹಾಕಿ" ಎಂದು ತಾಕೀತು ಮಾಡಿದಳು. ಎರಡಡಿ ಚೌಕ, ಎರಡಂಗುಲ ದಪ್ಪದ ಚಪ್ಪಡಿ ಹೆಚ್ಚುಕಡಿಮೆ 50 ಕಿಲೋ, ಒಂದು ಸಿಮೆಂಟು ಚೀಲದ ತೂಕ. ವ್ಯತ್ಯಾಸವೆಂದರೆ ಚೀಲ ತಬ್ಬಿದರೆ ಬಗ್ಗುತ್ತದೆ, ಚಪ್ಪಡಿ ಬಗ್ಗುವುದಿಲ್ಲ.

ಈ ವ್ಯತ್ಯಾಸವನ್ನು ನಾನು ಸೊಂಟದ ಮೂಲಕ ತಿಳಿಯುತ್ತಿದ್ದಾಗ ಎದುರುಮನೆಯ ಕಟ್ಟಡದ ಮೇಸ್ತ್ರಿ ಹಿಂಬದಿಯ ಗೇಟಿನಿಂದ ಬಗ್ಗಿ ನೋಡಿದರು. ಟೀ ಹೊತ್ತಿನಲ್ಲಿ ಬೀಡಿ ಸೇದಲು ನೆರಳು ಹುಡುಕಿ ಬಂದಿದ್ದವರು ಬೀಡಿಯನ್ನೇ ಮರೆತರು. "ಎತ್ತಬ್ಯಾಡಿ ಸಾರ್. ಕಲ್ಲನ್ನ ಯಾರೂ ಎತ್ತಕ್ಕಿಲ್ಲ. ನಡೆಸ್ಬೇಕು" ಎಂದರು. ಬಂದು ಚಪ್ಪಡಿಯನ್ನು ಮೂಲೆಯ ಮೇಲೆ ನಿಲ್ಲಿಸಿ, ಒಂದು ಕೈ ಇಲ್ಲಿ, ಒಂದು ಕೈ ಅಲ್ಲಿ, ಎಡಮೂಲೆ ಬಲಮೂಲೆ, ಎಡಮೂಲೆ ಬಲಮೂಲೆ, ಹಿತ್ತಲಿನುದ್ದಕ್ಕೂ ನಡೆಸಿಕೊಂಡು ಹೋದರು. 300 ಕೋಟಿ ವರ್ಷ ಕದಲದೆ ಕೂತದ್ದು ಅವರ ಜೊತೆ ಸಂಜೆಯ ವಾಕಿಂಗಿಗೆ ಹೊರಟಿತು.

ಅಂದಿನಿಂದ ಮೇಸ್ತ್ರಿ ನನ್ನ ಗುರು. ಪಾಠದ ಫೀಸು ಎಂದು ಏನಾದರೂ ಕೊಡಹೋದರೆ ಕಾಫಿಯಲ್ಲೇ ವಜಾ ಮಾಡಿಕೊಳ್ಳುತ್ತಿದ್ದರು. ಅವರ ಅನುಮಾನ ಮಾತ್ರ ಕೊನೆಯವರೆಗೂ ಹೋಗಲಿಲ್ಲ. "ನೀವ್ ಕೂತ್ಕಂಡು ಬರೆಯೋ ಕೆಲ್ಸ ಮಾಡಿದೋರು. ನಮ್ ಕೆಲ್ಸ ಯಾಕೆ ಸಾರ್?" ಎಂದು ಒಮ್ಮೆ ಕೇಳಿದರು. ಖುಷಿಗೆ ಎಂದೆ. ಅವರು ಬೀಡಿಯ ಹೊಗೆ ಬಿಟ್ಟು ನನ್ನನ್ನೇ ಬಹಳ ಹೊತ್ತು ನೋಡಿದರು. ಹದಿನಾಲ್ಕನೆಯ ವಯಸ್ಸಿಗೆ ಬಾಂಡ್ಲಿ ಹೊತ್ತವರಿಗೆ ಆ ಉತ್ತರ ಎಲ್ಲಿ ಕೂರಬೇಕೋ ತಿಳಿಯದೆ ನಿಂತೇ ಇತ್ತು. ಅವರ ಜೊತೆ ಒಂದು ದಿನ ಮರಳು ಕೇಳಲು ಬಂದ ಹೆಣ್ಣಾಳು, ನಾನು ಎರಡೂ ಕೈಯಲ್ಲಿ ತೊಡೆಗೆ ಆನಿಸಿಕೊಂಡು ಹೆಣಗುತ್ತಿದ್ದ ಬಾಂಡ್ಲಿಯನ್ನು ನೋಡಿದಳು. ಏನೂ ಅನ್ನಲಿಲ್ಲ. ತನ್ನದನ್ನು ತುಂಬಿ, ಸಿಂಬಿಯ ಮೇಲೆ ಏರಿಸಿ, ಒಂದು ಕೈಯಲ್ಲಿ ಮೊಬೈಲ್ ಕಿವಿಗಿಟ್ಟು ಮಗನಿಗೆ ಬೈಯುತ್ತ ಹೊರಟುಹೋದಳು.

ಗ್ರಾಫ್ ಹಾಳೆಯಲ್ಲಿ ನೆಲ ಮಟ್ಟಸವಾಗಿತ್ತು. ಮೇಸ್ತ್ರಿ ಅದನ್ನು ತಿರುವಿ ಮುರುವಿ ನೋಡಿ, "ವಾಟ ಎಲ್ಲಿ ಸಾರ್?" ಎಂದರು. ನೀರು ಗೋಡೆಯ ಕಡೆಗೆ ನಿಲ್ಲದೆ ಆಚೆ ಹರಿಯಲು ಬೇಕಾದ ಇಳಿಜಾರು ಅದು. ಅಡಿಗೆ ಕಾಲು ಅಂಗುಲ. ನನ್ನ ಹತ್ತಡಿಗೆ ಎರಡೂವರೆ ಅಂಗುಲ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಒಳಗಿನ ಗಾಳಿಗುಳ್ಳೆಗಳನ್ನೆಲ್ಲ ತಟ್ಟಿ ತಟ್ಟಿ ಹೊರಡಿಸಿ, ಒಂದು ತುದಿ ನನ್ನ ಕೈಗೆ ಕೊಟ್ಟು ಇನ್ನೊಂದನ್ನು ತಾವು ಹಿಡಿದರು. ಎರಡೂ ತುದಿಯ ನೀರು ಏರಿಳಿದು, ಯೋಚಿಸಿ, ಒಂದೇ ಎತ್ತರಕ್ಕೆ ಬಂದು ನಿಂತಿತು. ಅಲ್ಲಿಂದ ಎರಡೂವರೆ ಅಂಗುಲ ಕೆಳಗೆ ಗೂಟಕ್ಕೆ ದಾರ ಬಿಗಿದರು. "ಕಣ್ಣಿಗೆ ಮಟ್ಟ ಕಾಣ್ಬೇಕು. ನೀರಿಗೆ ಮಾತ್ರ ದಾರಿ ಗೊತ್ತಾಗ್ಬೇಕು" ಎಂದರು. ಅದಾದ ಮೇಲೆ ನನಗೆ ಮೈಸೂರಿನ ನೆಲವೆಲ್ಲ ಓರೆಯಾಗಿ ಕಾಣತೊಡಗಿತು. ಮದುವೆ ಛತ್ರದ ಊಟದ ಮನೆ, ದೇವಸ್ಥಾನದ ಪ್ರಾಕಾರ, ಬಸ್ ಸ್ಟ್ಯಾಂಡಿನ ಕಟ್ಟೆ, ಎಲ್ಲಿ ಹೋದರೂ ವಾಟ ಹುಡುಕುವುದೇ ಚಟವಾಯಿತು. ಒಂದು ನಾಮಕರಣದಲ್ಲಿ ನೆಲಕ್ಕೆ ಕೆನ್ನೆಯಿಟ್ಟು ನೋಡಹೊರಟವನನ್ನು ಹೆಂಡತಿ ಶಲ್ಯ ಹಿಡಿದು ಎಬ್ಬಿಸಿದಳು.

ಸಿಮೆಂಟು ಹಾಕದ ಸಂಗತಿ ಬೀದಿಯಲ್ಲಿ ದೊಡ್ಡ ಚರ್ಚೆಯಾಯಿತು. ಸಂದಿಗೆಲ್ಲ ಬರಿ ಮರಳು ಎಂದರೆ ಜನ ನಂಬಲಿಲ್ಲ. "ಒಂದೆರಡು ಮೂಟೆಯಲ್ಲಿ ಏನ್ ಉಳಿಸ್ತೀರಿ ಸಾರ್" ಎಂದು ಮರುಗಿದರು. ವಾಡಿ, ಸೇಡಂ ಕಡೆಯ ಕಾರ್ಖಾನೆಗಳು ಸುಟ್ಟು ಸಿಮೆಂಟು ಮಾಡುವುದೂ ಆ ಭೀಮಾ ಸೀಮೆಯ ಸುಣ್ಣದ ಕಲ್ಲನ್ನೇ. ನಾನು ಬೆನ್ನು ತಣಿಸಿಕೊಂಡು ಮಲಗಿದ್ದ ಕಲ್ಲಿನ ದಾಯಾದಿ ಅದು. ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಮರಳಿನ ಸಂದಿನಲ್ಲಿ ಮಳೆ ನೀರು ಇಂಗುತ್ತದೆ, ನುಗ್ಗೆಯ ಬೇರಿಗೆ ಸಿಗುತ್ತದೆ, ಒಂದು ಕಲ್ಲು ಕುಸಿದರೆ ಅದೊಂದನ್ನೇ ಎತ್ತಿ ಕೆಳಗೆ ಹಿಡಿ ಮರಳು ತುಂಬಬಹುದು. ವಿಜಯನಗರದವರು ಅಷ್ಟೆತ್ತರದ ಗೋಡೆಗಳನ್ನೇ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ನಿಲ್ಲಿಸಿದ್ದಾರೆ ಎಂದು ನಾನು ಹಂಪಿಯನ್ನು ಸಾಕ್ಷಿಗೆ ಕರೆಯುತ್ತಿದ್ದೆ. "ಅವರ ಹತ್ರ ಆನೆ ಇತ್ತು" ಎಂದರು ಮೂರನೇ ಮನೆಯ ನಿವೃತ್ತ ಮೇಷ್ಟ್ರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಹೀಗೆ ಬನಿಯನ್ನು, ಮಾಸಿದ ಲುಂಗಿ, ತಲೆಗೆ ಟವೆಲು ಸುತ್ತಿ ಕೂತಿದ್ದಾಗ ಪಾರ್ಸೆಲ್ ತಂದ ಹುಡುಗನೊಬ್ಬ, "ಯಜಮಾನ್ರು ಇದಾರೇನಣ್ಣಾ?" ಎಂದು ನನ್ನನ್ನೇ ಕೇಳಿದ. ಒಳಗಿದ್ದಾರೆ ಎಂದೆ. ಹೆಂಡತಿ ಬಂದು ಸಹಿ ಹಾಕಿ ತೆಗೆದುಕೊಂಡಳು. ಯಾರೂ ಸುಳ್ಳು ಹೇಳಿದಂತಾಗಲಿಲ್ಲ.

ಕಲ್ಲು ಕೂರಿಸುವ ಕೆಲಸಕ್ಕೆ ಒಂದು ನಿಧಾನದ ಸುಖವಿದೆ. ಮರಳನ್ನು ಮಟ್ಟಗೋಲಿನಿಂದ ಎಳೆದು, ಚಪ್ಪಡಿ ಇಳಿಸಿ, ಮರದ ತುಂಡಿಟ್ಟು ಮೇಲಿಂದ ಸುತ್ತಿಗೆಯಲ್ಲಿ ತಟ್ಟುವುದು. ಗಟ್ಟಿ ದನಿ ಬಂದರೆ ಕೂತಿದೆ. ಪೊಳ್ಳು ದನಿ ಬಂದರೆ ಕೆಳಗೆಲ್ಲೋ ಗಾಳಿಯಿದೆ, ಎಬ್ಬಿಸಿ ಮತ್ತೆ ಮರಳು ಕೊಡಬೇಕು. ಬಂಡೆಯಿಂದ ಬಿಡಿಸುವಾಗ ಯಾವ ದನಿಗೆ ಕಾದು ಕೂತಿದ್ದರೋ, ಕೂರಿಸುವಾಗ ಆ ದನಿ ಬರಬಾರದು ಎಂದು ಕಾಯಬೇಕು. ಒಂದು ಮೂಲೆ ಏಳುತ್ತದೆ ಎಂದು ಅದನ್ನು ತಗ್ಗಿಸಿದರೆ ಎದುರುಮೂಲೆ ಏಳುತ್ತದೆ. ಬ್ಯಾಂಕಿನಲ್ಲಿ ದಿನದ ಕೊನೆಗೆ ಹದಿನೇಳು ಪೈಸೆ ತಾಳೆಯಾಗದೆ, ಮನೆಗೆ ಹೋಗುವ ಹೊತ್ತು ಮೀರಿ ಲೆಡ್ಜರ್ ತಿರುವುತ್ತಿದ್ದ ಸಂಜೆಗಳ ಹಾಗೆ, ಬೇಸರವೂ ಹೌದು, ಬಿಟ್ಟೇಳಲಾಗದ ರುಚಿಯೂ ಹೌದು.

ಅಗೆಯುವಾಗ ಎರೆಹುಳುಗಳು ಬಹಳ ಬಂದವು. ಅವನ್ನು ಕಂಡು ನನಗೆ ಚಾರ್ಲ್ಸ್ ಡಾರ್ವಿನ್ ನೆನಪಾದರು. ಅವರ ಕೊನೆಯ ಪುಸ್ತಕ, 1881ರದು, ಎರೆಹುಳುಗಳ ಮೇಲೆಯೇ. ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿದ್ದ ತಮ್ಮ ಮನೆಯ ಹುಲ್ಲುಹಾಸಿನ ನಡುವೆ 1843ರಲ್ಲಿ ಒಂದು ಕಲ್ಲುಹಾಸಿನ ಕಾಲುದಾರಿ ಮಾಡಿಸಿದ್ದರು. ಎರೆಹುಳುಗಳು ಸಂದಿಯಿಂದ ಮಣ್ಣಿನ ಹಿಕ್ಕೆ ಹಾಕುತ್ತಲೇ ಇದ್ದವು, ಕಳೆ ಬೆಳೆಯುತ್ತಲೇ ಇತ್ತು. ಕೆಲವು ವರ್ಷ ಕಳೆ ಕಿತ್ತು ಗುಡಿಸಿದರು. ಕೊನೆಗೆ ಹುಳುಗಳೂ ಕಳೆಯೂ ಗೆದ್ದು, ತೋಟದವನು ಗುಡಿಸುವುದನ್ನು ನಿಲ್ಲಿಸಿದ. ದಾರಿ ಮಾಯವಾಯಿತು. 1877ರಲ್ಲಿ ತೆಳುವಾದ ಹುಲ್ಲಿನ ಹೊದಿಕೆ ಎತ್ತಿ ನೋಡಿದರೆ ಕಲ್ಲುಗಳೆಲ್ಲ ಇಟ್ಟಲ್ಲೇ ಇವೆ, ಮೇಲೆ ಒಂದು ಅಂಗುಲ ನಯವಾದ ಮಣ್ಣು. ಆಗ ಅವರಿಗೆ 68. ಅದೇ ವರ್ಷ ಸ್ಟೋನ್‌ಹೆಂಜಿಗೂ ಹೋಗಿ, ಬಿದ್ದ ಮಹಾಶಿಲೆಗಳು ಹುಳುಗಳ ದೆಸೆಯಿಂದ ಎಷ್ಟು ಇಳಿದಿವೆ ಎಂದು ಅಗೆಸಿ ನೋಡಿ ಬಂದರು. ಇದನ್ನು ಮೇಸ್ತ್ರಿಗೆ ಹೇಳಿದೆ. ಅವರು ಕಾಫಿ ಲೋಟ ಇಳಿಸಿ, "ದಿನಾ ಗುಡಿಸಿದ್ರೆ ಆಯ್ತಲ್ಲ ಸಾರ್" ಎಂದರು.

ಆ ಮಾತು ನನ್ನನ್ನು ಎಲ್ಲಿಗೋ ಕರೆದೊಯ್ದಿತು. ನಮ್ಮೂರಿನ ಅಂಗಳಕ್ಕೆ ಕಲ್ಲಿರಲಿಲ್ಲ. ಮಳೆಗಾಲದಲ್ಲಿ ಜಗಲಿಯಿಂದ ಕೊಟ್ಟಿಗೆಗೆ ಹೋಗಲು ಅಡಿಕೆ ದಬ್ಬೆ ಹಾಸುತ್ತಿದ್ದರು, ಉಳಿದಲ್ಲೆಲ್ಲ ಹುಲ್ಲು, ಪಾಚಿ, ಜಿಗಣೆಗಳ ರಾಜ್ಯ. ಮಳೆ ಹಿಂದೆ ಸರಿದ ಮೇಲೆ, ಅಡಿಕೆ ಕೊಯ್ಲಿಗೆ ಮುಂಚೆ, ಅಂಗಳವನ್ನು ಹೊಸದಾಗಿ ಮಾಡಬೇಕಿತ್ತು. ಗುದ್ದಲಿಯಿಂದ ಹುಲ್ಲು ಹೆರೆದು, ತಗ್ಗಿಗೆ ಮಣ್ಣು ತುಂಬಿ, ಹಿಡಿಯಿರುವ ಅಗಲದ ಹಲಗೆಯಿಂದ ಬಡಿದು ಬಡಿದು ಗಟ್ಟಿ ಮಾಡುವುದು. ಮೊದಲಿನ ಅಗೆತ ಅಪ್ಪಯ್ಯನದು, ಆಳುಗಳದು. ಆಮೇಲಿನದೆಲ್ಲ ಅಮ್ಮ ಮತ್ತು ಚಿಕ್ಕಮ್ಮನದು. ಸಗಣಿ ಕಲಸಿ, ಸೊಂಟ ಬಗ್ಗಿಸಿ, ಒಂದು ಮೂಲೆಯಿಂದ ಹಿಂದಕ್ಕೆ ಹಿಂದಕ್ಕೆ ಸಾರಿಸಿಕೊಂಡು ಬರುತ್ತಿದ್ದರು. ಅಟ್ಟದ ಮೇಲಿನ ತಟ್ಟಿಗಳಿಂದ ಉದುರಿದ ಅಡಿಕೆಯನ್ನು ಒಂದೂ ಬಿಡದೆ ಹೆಕ್ಕುವಷ್ಟು ನೆಲ ಚೊಕ್ಕ. ರಾತ್ರಿ ಅಲ್ಲೇ ದೀಪವಿಟ್ಟು ಅಡಿಕೆ ಸುಲಿತ, ಊರಿನ ಸುದ್ದಿ ಸುಲಿತ. ಆ ಅಂಗಳಕ್ಕೂ ವಾಟವಿತ್ತು ಎಂದು ಈಗ ಹೊಳೆಯುತ್ತದೆ, ಎಂಥ ಅಕಾಲ ಮಳೆ ಬಂದರೂ ನೀರು ತೋಟದ ಕಡೆಗೇ ಇಳಿಯುತ್ತಿತ್ತು. ಯಾರ ಕೈಯಲ್ಲೂ ಪೈಪಿರಲಿಲ್ಲ. ವರ್ಷ ವರ್ಷವೂ ಇಷ್ಟು ದೊಡ್ಡ ನೆಲವನ್ನು ಕೈಯಿಂದ ಮಾಡಿ ನಿಲ್ಲಿಸುತ್ತಿದ್ದರೂ, ಇದನ್ನು ನಾನು ಮಾಡಿದೆ ಎಂದು ಅಮ್ಮ ಯಾರನ್ನೂ ಕರೆದು ತೋರಿಸಿದ್ದು ನನಗೆ ನೆನಪಿಲ್ಲ. ಅದು ಕೆಲಸವೆಂದೇ ಲೆಕ್ಕಕ್ಕೆ ಬಂದಿರಲಿಲ್ಲ, ಮನೆಯಲ್ಲಿ ಇರುವುದೆಂದರೆ ಅದೂ ಸೇರಿದ್ದು.

ನಾನು ಒಂದೇ ಸಲ ಹಾಸಿದವನು. ಆದರೂ ಮನೆಗೆ ಬಂದ ನೆಂಟರಿಗೆ ಕಾಫಿಗೆ ಮೊದಲು ಹಿತ್ತಲು ತೋರಿಸುತ್ತೇನೆ. ಗ್ಯಾಸ್ ತಂದವರಿಗೂ ತೋರಿಸಿದ್ದೇನೆ. ಹತ್ತು ಚೊಂಬು ನೀರು ಗೋಡೆಯ ಪಕ್ಕ ಸುರಿದು, ಅದು ನಿಧಾನವಾಗಿ ದಾರಿ ಹಿಡಿದು ಆಚೆ ಅಂಚಿಗೆ ಹೋಗುವುದನ್ನು ಕೈಕಟ್ಟಿ ನಿಂತು ನೋಡುವಂತೆ ಮಾಡುತ್ತೇನೆ. ಬೆತ್ತದ ಕುರ್ಚಿಗಳು ಬಂದವು ನಿಜ, ಆದರೆ ಬೇಸಿಗೆ ಬಂದಿತೆಂದರೆ ಅವಕ್ಕೆ ಅಲ್ಲಿ ಜಾಗವಿಲ್ಲ. ಹಳೇ ಸೀರೆ ಹಾಸಿ ಅಕ್ಕಿಸಂಡಿಗೆ, ಬಾಳಕದ ಮೆಣಸಿನಕಾಯಿ, ಪಕ್ಕದ ಮನೆಯವರ ಹಪ್ಪಳವೂ ಒಣಗುತ್ತವೆ. ಕಾದ ಚಪ್ಪಡಿಯ ಮೇಲೆ ಒಂದೇ ದಿನಕ್ಕೆ ಗರಿಗರಿ ಎಂದು ಬೀದಿಯ ಹೆಂಗಸರೆಲ್ಲ ಸರ್ಟಿಫಿಕೇಟು ಕೊಟ್ಟಿದ್ದಾರೆ. ನನ್ನ ಕುರ್ಚಿ ಗೋಡೆಯ ನೆರಳಿನಲ್ಲಿ, ಕಾಗೆ ಓಡಿಸಲು.

ಕಳೆದ ತಿಂಗಳು ಬೆಂಗಳೂರಿನಿಂದ ನನ್ನ ಹಳೆಯ ಸಹೋದ್ಯೋಗಿ ಸಂಸಾರ ಸಮೇತ ಬಂದಿದ್ದರು. ಜಲ್ಲಿ, ಮರಳು, ವಾಟ, ಲಾಲ್‌ಬಾಗು, ಹಂಪಿ, ಡಾರ್ವಿನ್, ಎಲ್ಲ ಕ್ರಮವಾಗಿ ಒಪ್ಪಿಸಿದೆ. ಅವರ ಹೆಂಡತಿ ಮಾತ್ರ ನನ್ನ ಕಡೆ ನೋಡುತ್ತಿರಲಿಲ್ಲ. ನುಗ್ಗೆಮರವನ್ನು ಮೇಲಿನಿಂದ ಕೆಳಗೆ ನೋಡಿ, ನನ್ನ ಹೆಂಡತಿಯನ್ನು ಕೇಳಿದರು: "ಅಲ್ಲ ಕಣ್ರೀ, ಇಷ್ಟು ಎಲೆ ಉದುರಿಸೋ ಮರ ಇದೆ, ನೆಲದ ಮೇಲೆ ಒಂದು ಎಲೆ ಇಲ್ಲ. ಯಾರು ಮಾಡ್ತಾರೆ ಇದನ್ನೆಲ್ಲ?"

ನನ್ನ ಹೆಂಡತಿ ನನ್ನತ್ತ ತಿರುಗಿ, "ಹೇಳಿ, ಅದನ್ನೂ ಹೇಳಿ" ಎಂದಳು.

ಮರುದಿನ ಬೆಳಿಗ್ಗೆ ಪೊರಕೆ ಹಿಡಿದೆ. ಅವಳು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, "ವಾಟದ ಕಡೆಗೆ ಗುಡಿಸ್ರೀ" ಎಂದಳು.